ಜೀನು ಕಂಡರೆ ಬೆದರುವ ಕುದುರೆಗೆ ಧೈರ್ಯ ತುಂಬುವುದು ಹೇಗೆ?

ಹೊಡೆದು ಬಗ್ಗಿಸಿದರೆ ಕುದುರೆ ನಿಲ್ಲಬಹುದು, ಆದರೆ ನಂಬುವುದಿಲ್ಲ. ಕಳೆದುಹೋದ ನಂಬಿಕೆಯನ್ನು ಮತ್ತೆ ಕಟ್ಟುವ ದಾರಿ ನಿಧಾನದ್ದು. ಆ ದಾರಿಯ ಪಾಠ ನಮ್ಮ ಬಂಡೀಪುರದ ಆನೆಗಳಲ್ಲೂ ಇದೆ, ಗುಂಡ್ಲುಪೇಟೆಯ ಹೊಲಗಳಲ್ಲೂ ಇದೆ.

ಚಾಮರಾಜನಗರ ಸೀಮೆಯಲ್ಲಿ ಪ್ರಾಣಿಯ ಬೆನ್ನೇರುವುದು ಅಂದರೆ ಮೊದಲು ನೆನಪಾಗೋದು ಮಾದಪ್ಪ. ಹುಲಿಯನ್ನೇ ವಾಹನ ಮಾಡಿಕೊಂಡ ದೇವರು. ಆ ಹುಲಿ ಎಷ್ಟು ಹಠ ಮಾಡಿತು, ಪಳಗೋದಕ್ಕೆ ಎಷ್ಟು ದಿನ ಬೇಕಾಯಿತು ಅಂತ ಯಾರೂ ಕೇಳುವುದಿಲ್ಲ. ಅದು ದೇವರ ಕತೆ. ನಮ್ಮ ನಿಮ್ಮಂಥವರು ಒಂದು ಕುದುರೆಯ ಬೆನ್ನಿಗೆ ಜೀನು ಹಾಕಲು ಹೊರಟರೆ ಮಾತ್ರ ಈ ಎರಡೂ ಪ್ರಶ್ನೆ ಬಂದೇ ಬರುತ್ತವೆ.

ಮೈಸೂರು, ಬೆಂಗಳೂರಿನ ಸುತ್ತಮುತ್ತ ಕುದುರೆ ಸವಾರಿ ಕಲಿಸುವ ಜಾಗಗಳು ಈಗ ಹಲವಿವೆ. ಶನಿವಾರ, ಭಾನುವಾರ ಲ್ಯಾಪ್‌ಟಾಪ್ ಮುಚ್ಚಿಟ್ಟು ಅಲ್ಲಿಗೆ ಹೋಗುವವರಲ್ಲಿ ನೀವೂ ಒಬ್ಬರಿರಬಹುದು. ಗುಂಡ್ಲುಪೇಟೆ ದಾಟಿ ಊಟಿಗೆ ಹೋದಾಗ ಅಲ್ಲಿ ಐದು ನಿಮಿಷದ ಸವಾರಿ ಮಾಡಿ ಫೋಟೊ ತೆಗೆಸಿಕೊಂಡವರಂತೂ ಲೆಕ್ಕವಿಲ್ಲದಷ್ಟು ಮಂದಿ. ಹೀಗೆ ನಮ್ಮನ್ನು ಹೊರುವ ಕುದುರೆಗಳಲ್ಲಿ ಕೆಲವು ರೇಸ್ ಮುಗಿಸಿ ಬಂದವು. ಎರಡು ವರ್ಷಕ್ಕೇ ಓಟಕ್ಕಿಳಿಯುವ ಈ ಕುದುರೆಗಳು ಹತ್ತು ತುಂಬುವ ಮೊದಲೇ ನಿವೃತ್ತಿಯಾಗುವುದು ಮಾಮೂಲು. ಚೆನ್ನಾಗಿ ನೋಡಿಕೊಂಡರೆ ಆಯಸ್ಸು 25–30 ವರ್ಷ. ಅಂದರೆ ಅರ್ಧಕ್ಕಿಂತ ಹೆಚ್ಚು ಬದುಕು ಇನ್ನೂ ಬಾಕಿ.

ಆ ಬಾಕಿ ಬದುಕು ಹೇಗಿರುತ್ತದೆ ಅನ್ನೋದು ಬಹಳ ಮಟ್ಟಿಗೆ ಒಂದೇ ವಿಷಯದ ಮೇಲೆ ನಿಂತಿದೆ. ಅದು ಜೀನು ಹಾಕಿಸಿಕೊಳ್ಳುತ್ತದಾ, ಇಲ್ಲವಾ? ಜೀನು ಕಂಡರೆ ಕಣ್ಣು ಬಿಳುಪಾಗಿಸಿ ಹಿಂದೆ ಸರಿಯುವ, ಹೊಟ್ಟೆಪಟ್ಟಿ ಬಿಗಿದರೆ ಕಚ್ಚಲು ಬರುವ ಕುದುರೆಗೆ ಬಹುಬೇಗ ‘ಮೊಂಡು’ ಅನ್ನುವ ಹೆಸರು ಬೀಳುತ್ತದೆ. ಮೇವಿನ ಖರ್ಚು ಮಾತ್ರ ನಿಲ್ಲುವುದಿಲ್ಲ. ಕೆಲಸ ಮಾಡದ ಕುದುರೆಯನ್ನು ಮಾರುತ್ತಾರೆ. ಕೈ ಬದಲಾದಷ್ಟೂ ಹೊಸ ಕೈ ಇನ್ನಷ್ಟು ಒರಟಾಗಿರುವ ಸಾಧ್ಯತೆಯೇ ಹೆಚ್ಚು.

ಬೆನ್ನು ಯಾಕೆ ಇಷ್ಟು ಸೂಕ್ಷ್ಮ?

ಕುದುರೆ ಓಡಿ ಜೀವ ಉಳಿಸಿಕೊಳ್ಳುವ ಪ್ರಾಣಿ. ಕೋಡಿಲ್ಲ, ಕೋರೆಹಲ್ಲಿಲ್ಲ. ಕಣ್ಣು ತಲೆಯ ಎರಡು ಪಕ್ಕಕ್ಕೆ ಇರುವುದರಿಂದ ಸುತ್ತಲೂ ಸುಮಾರು 350 ಡಿಗ್ರಿ ಕಾಣುತ್ತದೆ. ಕಾಣದಿರುವುದು ಮೂಗಿನ ತೀರ ಮುಂದಿನ ಒಂದಿಷ್ಟು ಜಾಗ ಮತ್ತು ಬಾಲದ ನೇರ ಹಿಂದಿನ ಜಾಗ ಮಾತ್ರ. ಬೆನ್ನ ಮೇಲೆ ನೊಣ ಕೂತರೂ ಆ ಜಾಗದ ಚರ್ಮವನ್ನಷ್ಟೇ ನಡುಗಿಸಿ ಓಡಿಸಬಲ್ಲದು. ಅಷ್ಟು ಚುರುಕು.

ಬಂಡೀಪುರದ ಕಾಡಂಚಿನಲ್ಲಿ ದನ ಕಾಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಲಿ, ಚಿರತೆ ಹಾರುವುದು ಕುತ್ತಿಗೆಗೆ, ಹೆಗಲಿಗೆ, ಬೆನ್ನಿಗೆ. ಲಕ್ಷಾಂತರ ವರ್ಷ ಇಂಥ ಬೇಟೆಗಾರರಿಂದ ತಪ್ಪಿಸಿಕೊಂಡು ಬಂದ ಪ್ರಾಣಿಗೆ ಬೆನ್ನ ಮೇಲೆ ಏನೋ ಬಿತ್ತು, ಹೊಟ್ಟೆಯನ್ನು ಏನೋ ಬಿಗಿಯಿತು ಅಂದರೆ ಒಂದೇ ಅರ್ಥ: ಓಡು. ಜೀನು ಹಾಕಿಸಿಕೊಂಡು ಸುಮ್ಮನೆ ನಿಲ್ಲುವ ಪ್ರತಿ ಕುದುರೆಯೂ ತನ್ನ ಹುಟ್ಟುಗುಣವನ್ನೇ ಬದಿಗಿಟ್ಟು ನಿಂತಿರುತ್ತದೆ. ಬೆದರುವ ಕುದುರೆಯನ್ನು ಕಂಡು ಆಶ್ಚರ್ಯಪಡಬೇಕಿಲ್ಲ. ನಿಲ್ಲುವ ಕುದುರೆಯನ್ನು ಕಂಡೇ ಆಶ್ಚರ್ಯಪಡಬೇಕು.

ಮೊದಲ ಪ್ರಶ್ನೆ: ನೋವಿದೆಯಾ?

ನಿನ್ನೆ ತನಕ ಸರಿಯಿದ್ದ ಕುದುರೆ ಇವತ್ತು ಜೀನು ಬೇಡ ಅನ್ನುತ್ತಿದೆ ಅಂದರೆ ತರಬೇತುದಾರರಿಗಿಂತ ಮೊದಲು ಪಶುವೈದ್ಯರು ಬರಬೇಕು. ಕುದುರೆಗೆ ‘ಇಲ್ಲಿ ನೋಯ್ತಿದೆ’ ಅಂತ ಹೇಳಲು ಬರಲ್ಲ. ಕಿವಿ ಹಿಂದಕ್ಕೆ ಮಡಚುವುದು, ಬಾಲ ಬೀಸುವುದು, ಹಲ್ಲು ತೋರಿಸುವುದು, ಇವೇ ಅದರ ಮಾತು.

ನೋಡಬೇಕಾದ್ದು ಹಲವು. ಬೆನ್ನಿನ ಸ್ನಾಯು ಹಿಡಿದಿದೆಯಾ? ಬೆನ್ನುಮೂಳೆಯ ಮುಳ್ಳುಗಳು ಒಂದಕ್ಕೊಂದು ತಾಗುತ್ತಿವೆಯಾ? ಹೊಟ್ಟೆಪಟ್ಟಿ ಉಜ್ಜುವ ಕಡೆ ಹುಣ್ಣಾಗಿದೆಯಾ? ಜಠರದ ಹುಣ್ಣೂ ಕಾರಣವಿರಬಹುದು. ಕಾಳು ಹೆಚ್ಚು, ಹುಲ್ಲು ಕಡಿಮೆ ತಿಂದು ಬೆಳೆದ ರೇಸ್ ಕುದುರೆಗಳಲ್ಲಿ ಅದು ತೀರ ಸಾಮಾನ್ಯ.

ಆಮೇಲೆ ಜೀನನ್ನೇ ತಿರುಗಿಸಿ ನೋಡಿ. ಜೀನು ಬೂಟಿನ ಹಾಗೆ, ಎಲ್ಲರಿಗೂ ಒಂದೇ ಅಳತೆ ಆಗಲ್ಲ. ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ಆ ಎತ್ತರದ ಮೂಳೆಯನ್ನು ಜೀನು ಒತ್ತಬಾರದು. ಬೆನ್ನುಮೂಳೆಯ ಉದ್ದಕ್ಕೂ ನಡುವೆ ಗಾಳಿಯಾಡುವ ಜಾಗವಿರಬೇಕು. ಸವಾರಿ ಮುಗಿಸಿ ಜೀನು ತೆಗೆದಾಗ ಬೆವರಿನ ಗುರುತು ಎರಡೂ ಕಡೆ ಸಮನಾಗಿರಬೇಕು. ನಡುವೆ ಒಂದೇ ಕಡೆ ಒಣಗಿದ ಮಚ್ಚೆ ಕಂಡರೆ ಅಲ್ಲಿ ಒತ್ತಡ ಜಾಸ್ತಿ ಬೀಳುತ್ತಿರಬಹುದು. ಹಳೆಯ ಕುದುರೆಗಳ ಬೆನ್ನಲ್ಲಿ ಕಾಣುವ ಬಿಳಿ ಕೂದಲ ಮಚ್ಚೆಗಳು ಎಷ್ಟೋ ಸಲ ಇಂಥ ಜೀನಿನ ಗಾಯದ ನೆನಪು.

ಭಾರವೂ ಮುಖ್ಯ. ಸವಾರ, ಜೀನು ಎರಡೂ ಸೇರಿ ಕುದುರೆಯ ತೂಕದ ಶೇ 20 ದಾಟಬಾರದು ಅನ್ನುವುದು ಸಾಮಾನ್ಯವಾಗಿ ಪಾಲಿಸುವ ಮಿತಿ. 450 ಕೆ.ಜಿ. ಕುದುರೆಗೆ ಅದು 90 ಕೆ.ಜಿ.

ನೋವು ಇದ್ದಾಗ ಅಭ್ಯಾಸ ಮಾಡಿಸುವುದು ಅಂದರೆ ಹುಣ್ಣಿನ ಮೇಲೆ ಬೆರಳಿಟ್ಟು ‘ಧೈರ್ಯವಾಗಿರು’ ಅಂದ ಹಾಗೆ. ನೋವು ಹೋದ ಮೇಲೂ ನೋವಿನ ನೆನಪು ಉಳಿದಿರುತ್ತದಲ್ಲ, ನಿಜವಾದ ಕೆಲಸ ಶುರುವಾಗುವುದು ಅಲ್ಲಿಂದ.

ಅಂಬಾರಿ ಹೊರುವವರ ಪಾಠ

ಈ ಕೆಲಸದ ಅತಿ ದೊಡ್ಡ ಉದಾಹರಣೆ ಪ್ರತಿವರ್ಷ ನಮ್ಮ ಕಣ್ಣೆದುರೇ ನಡೆಯುತ್ತದೆ. ಬಂಡೀಪುರದ ರಾಂಪುರ ಶಿಬಿರದಿಂದ ದಸರೆಗೆ ಆನೆಗಳು ಮೈಸೂರಿಗೆ ಹೋಗುತ್ತವೆ. ಬಿಳಿಗಿರಿರಂಗನ ಬೆಟ್ಟದ ಕೆ.ಗುಡಿಯ ಗಜೇಂದ್ರ ಹಲವು ದಸರೆ ಕಂಡವನು. ಚಿನ್ನದ ಅಂಬಾರಿಯ ತೂಕ ಸುಮಾರು 750 ಕೆ.ಜಿ. ಅದನ್ನು ವಿಜಯದಶಮಿ ದಿನ ಏಕಾಏಕಿ ಆನೆಯ ಬೆನ್ನಿಗೆ ಏರಿಸುವುದಿಲ್ಲ.

ವಾರಗಟ್ಟಲೆ ತಾಲೀಮು ನಡೆಯುತ್ತದೆ. ಮೊದಲು ಬರಿಮೈಯಲ್ಲಿ ನಡಿಗೆ. ಆಮೇಲೆ ಬೆನ್ನಿಗೆ ನಮ್ದಾ, ಗಾದಿ ಕಟ್ಟಿ ಮರಳು ಮೂಟೆ. ಮೂಟೆಯ ಭಾರ ಹಂತ ಹಂತವಾಗಿ ಏರುತ್ತದೆ. ಅದಾದ ಮೇಲೆ ಮರದ ಅಂಬಾರಿ. ಅರಮನೆಯಿಂದ ಬನ್ನಿಮಂಟಪದ ತನಕ ಸುಮಾರು ಐದು ಕಿಲೊಮೀಟರ್ ದಾರಿಯನ್ನು ಮತ್ತೆ ಮತ್ತೆ ನಡೆದು ಟ್ರಾಫಿಕ್, ಹಾರ್ನ್, ಜನಜಂಗುಳಿ ಎಲ್ಲ ಮಾಮೂಲಾದ ಮೇಲೆಯೇ ಚಿನ್ನದ ಅಂಬಾರಿ.

ಶಬ್ದದ ತಾಲೀಮು ಬೇರೆ. ಮೆರವಣಿಗೆಯ ದಿನ ರಾಷ್ಟ್ರಗೀತೆಯ ಹೊತ್ತಿಗೆ 21 ಕುಶಾಲತೋಪು ಸಿಡಿಯುತ್ತವೆ. ಅದಕ್ಕೆ ಮುನ್ನ ಕೆಲವು ದಿನ ಫಿರಂಗಿ ಸಿಡಿಸಿ ಅಭ್ಯಾಸ ಮಾಡಿಸುತ್ತಾರೆ. ಆನೆಗಳ ಜೊತೆ ಪೊಲೀಸ್ ಅಶ್ವಾರೋಹಿ ದಳದ ಕುದುರೆಗಳೂ ಅಲ್ಲಿ ನಿಲ್ಲುತ್ತವೆ. ಮೊದಲ ದಿನ ಹೊಸಬರು ಬೆದರುವುದು, ಹಿಂದೆ ಸರಿಯುವುದು ಮಾಮೂಲು. ಹಳಬರು ಕದಲದೆ ನಿಂತಿರುತ್ತಾರೆ. ಹೊಸಬರಿಗೆ ಆ ಹಳಬರೇ ಮೇಷ್ಟ್ರು.

ಗುಂಡ್ಲುಪೇಟೆ ಕಡೆಯ ರೈತರೂ ಮಾಡುತ್ತಿದ್ದುದು ಇದನ್ನೇ. ನೊಗ ಕಾಣದ ಹೋರಿಯನ್ನು ಪಳಗಿದ ಎತ್ತಿನ ಜೋಡಿ ಮಾಡಿ ಕಟ್ಟುವುದು, ಮೊದಲು ಬರಿ ನೊಗ, ಆಮೇಲೆ ಹಗುರ ಎಳೆತ, ಕಡೆಗೆ ನೇಗಿಲು. ಭಾರ ಒಂದೊಂದೇ ಮೆಟ್ಟಿಲು ಹತ್ತಬೇಕು, ಪಕ್ಕದಲ್ಲಿ ನಂಬುವ ಜೊತೆಗಾರ ಇರಬೇಕು. ಕುದುರೆಗೂ ಅದೇ ಲೆಕ್ಕ.

ಹೆಜ್ಜೆ ಹೆಜ್ಜೆಯಾಗಿ ಜೀನಿನ ತನಕ

ಇದು ಅನುಭವಿಗಳ ಜೊತೆಗೇ ಮಾಡಬೇಕಾದ ಕೆಲಸ. ತಲೆಗೆ ಹೆಲ್ಮೆಟ್, ಕಾಲಿಗೆ ಗಟ್ಟಿ ಬೂಟು, ಸುತ್ತ ಬೇಲಿಯಿರುವ ಅಂಗಳ ಬೇಕೇ ಬೇಕು. ಬೆದರುವ ಕುದುರೆಯನ್ನು ಗೂಟಕ್ಕೆ ಬಿಗಿಯಾಗಿ ಕಟ್ಟಿ ಜೀನು ಹೇರಬಾರದು. ಓಡಲು ದಾರಿಯಿಲ್ಲ ಅನ್ನಿಸಿದರೆ ಅದರ ಭಯ ಇಮ್ಮಡಿಯಾಗುತ್ತದೆ. ಒಬ್ಬರು ಹಗ್ಗವನ್ನು ಸಡಿಲವಾಗಿ ಹಿಡಿದಿರಲಿ.

ಮೊದಲು ಕೈ. ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ಜಾಗದಲ್ಲಿ ಮೆಲ್ಲಗೆ ತುರಿಸಿ. ಕುದುರೆಗಳು ಪರಸ್ಪರ ಹಲ್ಲಿನಿಂದ ಕೆರೆದುಕೊಳ್ಳುವ ಜಾಗ ಅದು. ಅಲ್ಲಿ ತುರಿಸಿದರೆ ಕುದುರೆಯ ಎದೆಬಡಿತ ಇಳಿಯುತ್ತದೆ ಅನ್ನುವುದನ್ನು ಅಳೆದು ನೋಡಿದ್ದಾರೆ. ಜೀನು ಕೂರುವುದೂ ಅದರ ಹಿಂದೆಯೇ. ಭಯದ ಜಾಗದ ಪಕ್ಕದಲ್ಲೇ ಸುಖದ ಜಾಗವೂ ಇದೆ ಅನ್ನೋದು ನಮ್ಮ ಅದೃಷ್ಟ.

ಎರಡನೆಯದು ಬಟ್ಟೆ. ಮಡಚಿದ ಟವೆಲ್ ಅಥವಾ ತೆಳು ನಮ್ದಾ ಮೂಸಲು ಕೊಡಿ. ಹೆಗಲಿಗೆ ತಾಗಿಸಿ, ಕುದುರೆ ಸುಮ್ಮನಿರುವಾಗಲೇ ತೆಗೆಯಿರಿ. ಇಡೀ ವಿದ್ಯೆಯ ಗುಟ್ಟು ಇಷ್ಟೇ. ಅದು ಒದ್ದಾಡುವಾಗ ತೆಗೆದರೆ ‘ಒದ್ದಾಡಿದರೆ ಹೋಗುತ್ತದೆ’ ಅಂತ ಕಲಿಯುತ್ತದೆ. ಸುಮ್ಮನಿದ್ದಾಗ ತೆಗೆದರೆ ‘ಸುಮ್ಮನಿದ್ದರೆ ಹೋಗುತ್ತದೆ’ ಅಂತ ಕಲಿಯುತ್ತದೆ. ತೆಗೆಯುವುದು ತಡವಾದರೆ ಯಾವುದಕ್ಕೆ ಸಿಕ್ಕ ಬಹುಮಾನ ಅನ್ನುವುದೇ ಅದಕ್ಕೆ ತಿಳಿಯುವುದಿಲ್ಲ.

ಮೂರನೆಯದು ಪಟ್ಟಿ. ಜೀನಿಲ್ಲದೆ ಬರಿ ಮೆತ್ತನೆ ಪಟ್ಟಿಯನ್ನು ಹೊಟ್ಟೆಗೆ ತಾಗಿಸಿ ಬಿಡುವುದು, ಆಮೇಲೆ ಸಡಿಲವಾಗಿ ಹಿಡಿಯುವುದು, ಆಮೇಲೆ ಕಟ್ಟಿ ನಾಲ್ಕು ಹೆಜ್ಜೆ ನಡೆಸುವುದು. ಕುದುರೆಗಳು ಬೆಚ್ಚಿಬೀಳುವುದು ಹಲವು ಸಲ ನಿಂತಾಗಲ್ಲ, ಪಟ್ಟಿ ಕಟ್ಟಿದ ಮೇಲೆ ಮೊದಲ ಹೆಜ್ಜೆ ಇಟ್ಟಾಗ.

ನಾಲ್ಕನೆಯದು ಜೀನು. ಹಗುರವಾದ್ದು, ರಿಕಾಪು ಬಿಚ್ಚಿಟ್ಟಿರುವುದು. ಎಸೆಯಬೇಡಿ, ಮಗುವನ್ನು ಮಲಗಿಸುವ ಹಾಗೆ ಇಳಿಸಿ. ಪಟ್ಟಿಯನ್ನು ಒಂದೇ ಎಳೆತಕ್ಕೆ ಬಿಗಿಯದೆ ಒಂದೊಂದೇ ತೂತು ಏರಿಸಿ, ನಡುನಡುವೆ ನಾಲ್ಕು ಹೆಜ್ಜೆ ನಡೆಸಿ. ರಿಕಾಪು ಪಕ್ಕೆಗೆ ಬಡಿಯುವುದು, ಚರ್ಮ ಕಿರುಗುಟ್ಟುವುದು, ಇವನ್ನೆಲ್ಲ ಬೇರೆ ಬೇರೆ ದಿನ ಪರಿಚಯಿಸಿ.

ಎಡಗಡೆ ಕಲಿತದ್ದನ್ನು ಬಲಗಡೆಯೂ ಕಲಿಸಬೇಕು, ಮರೆಯಬೇಡಿ. ಹಿಂದೆ ಸೈನಿಕರು ಕತ್ತಿಯನ್ನು ಎಡಸೊಂಟಕ್ಕೆ ಕಟ್ಟುತ್ತಿದ್ದರಿಂದ ಎಡಗಡೆಯಿಂದಲೇ ಹತ್ತುವ ರೂಢಿ ಬಂತು ಅನ್ನುತ್ತಾರೆ. ರೂಢಿ ನಮ್ಮದು, ಕುದುರೆಗೆ ಎರಡೂ ಪಕ್ಕ ತನ್ನದೇ.

ಪ್ರತಿ ಪಾಠ ಹತ್ತು–ಹದಿನೈದು ನಿಮಿಷ ಸಾಕು. ಕುದುರೆ ತಲೆ ತಗ್ಗಿಸುವುದು, ತುಟಿ ನೆಕ್ಕುವುದು, ದೀರ್ಘ ಉಸಿರು ಬಿಡುವುದು, ಒಂದು ಹಿಂಗಾಲಿಗೆ ವಿಶ್ರಾಂತಿ ಕೊಟ್ಟು ನಿಲ್ಲುವುದು ಕಂಡರೆ ಬಿಗಿ ಸಡಿಲವಾಗುತ್ತಿದೆ ಅಂತ ಅರ್ಥ. ಅಲ್ಲಿಗೇ ನಿಲ್ಲಿಸಿ. ಒಂದು ತುಂಡು ಕ್ಯಾರೆಟ್ ಕೊಟ್ಟು ಲಾಯಕ್ಕೆ ಬಿಡಿ. ‘ಇನ್ನೊಂದು ಸಲ’ ಅನ್ನುವ ಆಸೆಯೇ ಎಷ್ಟೋ ದಿನದ ಕೆಲಸ ಹಾಳುಮಾಡುವುದು.

ನಿಮ್ಮ ಎದೆಬಡಿತವೂ ಲೆಕ್ಕಕ್ಕೆ ಬರುತ್ತದೆ

ಸ್ವೀಡನ್ನಿನ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಸ್ವಾರಸ್ಯವಾಗಿದೆ. ಕುದುರೆ ಹಿಡಿದು ನಡೆಸುವವರಿಗೆ, ಸವಾರರಿಗೆ ಒಂದೇ ದಾರಿಯಲ್ಲಿ ನಾಲ್ಕು ಸಲ ಹೋಗಲು ಹೇಳಿದರು. ನಾಲ್ಕನೆಯ ಸಲ ‘ಈಗ ನೀವು ಹೋಗುವಾಗ ಒಬ್ಬರು ಕೊಡೆ ಬಿಚ್ಚುತ್ತಾರೆ’ ಅಂದರು. ಕೊಡೆ ಬಿಚ್ಚಲೇ ಇಲ್ಲ. ಆದರೂ ಮನುಷ್ಯರ ಎದೆಬಡಿತ ಏರಿತು. ಅವರ ಜೊತೆ ಕುದುರೆಗಳದ್ದೂ ಏರಿತು. ಕೊಡೆಯ ವಿಷಯ ಕುದುರೆಗೆ ಗೊತ್ತಿರಲಿಲ್ಲ. ಅದಕ್ಕೆ ಗೊತ್ತಾಗಿದ್ದು ಜೊತೆಯಲ್ಲಿದ್ದವರ ಭಯ.

ಬರ್ಲಿನ್ನಿನ ‘ಹಾನ್ಸ್’ ಎಂಬ ಕುದುರೆ ಗಣಿತ ಬಿಡಿಸುತ್ತದೆ ಅಂತ ಪ್ರಸಿದ್ಧವಾಗಿತ್ತು. 1907ರಲ್ಲಿ ಆಸ್ಕರ್ ಫುಂಗ್ಸ್ಟ್ ಪರೀಕ್ಷಿಸಿ ನೋಡಿದಾಗ ಅದು ಓದುತ್ತಿದ್ದುದು ಲೆಕ್ಕವನ್ನಲ್ಲ, ಪ್ರಶ್ನೆ ಕೇಳುವವರ ಮೈಯ ಸಣ್ಣ ಚಲನೆಗಳನ್ನು ಅಂತ ತಿಳಿಯಿತು. ಇಂಥ ಪ್ರಾಣಿಯ ಮುಂದೆ ಆಫೀಸಿನ ಸಿಟ್ಟು ಹೊತ್ತು, ಗಡಿಯಾರ ನೋಡುತ್ತಾ ನಿಂತರೆ ಮುಚ್ಚಿಡಲಾಗುವುದಿಲ್ಲ. ಕೋಪದಲ್ಲಿ ಕುದುರೆಯ ಹತ್ತಿರ ಹೋಗಬಾರದು ಅಂತ ಗ್ರೀಸ್‌ನ ಕ್ಸೆನೊಫೋನ್ ಸುಮಾರು 2300 ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ.

ಆತುರಪಟ್ಟರೆ ಏನಾಗುತ್ತದೆ?

ಕಟ್ಟಿಹಾಕಿ, ಜೀನು ಹೇರಿ, ಸುಸ್ತಾಗುವ ತನಕ ಕುಣಿಯಲು ಬಿಟ್ಟರೆ ಕುದುರೆ ಕಡೆಗೊಮ್ಮೆ ನಿಲ್ಲುತ್ತದೆ, ನಿಜ. ‘ಒಂದೇ ದಿನಕ್ಕೆ ಪಳಗಿತು’ ಅಂತ ವಿಡಿಯೊ ಕೂಡ ಬರುತ್ತದೆ. ಆದರೆ ನಿಂತದ್ದು ಧೈರ್ಯದಿಂದಲ್ಲ, ಕೈಚೆಲ್ಲಿ. ಅದರ ಕಣ್ಣು ಮಂಕಾಗಿರುತ್ತದೆ, ಮೈ ಮರದ ಹಾಗೆ ಬಿಗಿದಿರುತ್ತದೆ. ಒಳಗಿನ ಭಯ ಹಾಗೇ ಇರುತ್ತದೆ. ಇನ್ನೊಂದು ದಿನ, ಇನ್ನೊಂದು ಶಬ್ದಕ್ಕೆ ಅದು ಎದ್ದು ಬಂದಾಗ ಬೆನ್ನ ಮೇಲೆ ಇರುವುದು ಏನೂ ಅರಿಯದ ಕಲಿಕೆಯವರು.

ಚೆನ್ನಾಗಿ ಪಳಗಿದ ಪ್ರಾಣಿಯೂ ಕಲ್ಲಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಮೈಸೂರು ಅರಮನೆ ಆವರಣದಲ್ಲಿ ಧನಂಜಯ ಆನೆ ಅಟ್ಟಿಸಿಕೊಂಡು ಬಂದಾಗ ಕಂಜನ್ ಆನೆ ಬಾಗಿಲು ದಾಟಿ ರಸ್ತೆಗೇ ಓಡಿತ್ತು. ಆಗ ಎರಡನ್ನೂ ಸಮಾಧಾನಪಡಿಸಿ ಹಿಂದಕ್ಕೆ ಕರೆತಂದವರು ಮಾವುತರು, ಕಾವಾಡಿಗರು. ದಿನವೂ ಮೀಯಿಸಿ, ಮೇವು ಕೊಟ್ಟು ಬೆಳೆಸಿಕೊಂಡ ನಂಟು ಕೆಲಸಕ್ಕೆ ಬರುವುದು ಇಂಥ ಹೊತ್ತಿನಲ್ಲೇ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರ ಲ್ಯಾನ್ಸರ್ಸ್ ಜೊತೆ ಮೈಸೂರು ಲ್ಯಾನ್ಸರ್ಸ್ ಕುದುರೆಗಳು ಗುಂಡಿನ ಮಳೆಯ ಎದುರು ಹೋದದ್ದನ್ನು ನಾವು ಸೈನಿಕರ ಶೌರ್ಯ ಅಂತ ನೆನೆಯುತ್ತೇವೆ. ಓಡುವುದೇ ಹುಟ್ಟುಗುಣವಾದ ಕುದುರೆ ಸವಾರನ ಮಾತು ಕೇಳಿ ಮುಂದೆ ಹೋದದ್ದೂ ಸಣ್ಣ ಸಂಗತಿಯಲ್ಲ.

ಎಷ್ಟು ದಿನ ಬೇಕು?

ಒಂದು ಕುದುರೆಗೆ ಎರಡು ವಾರ ಸಾಕಾಗಬಹುದು, ಇನ್ನೊಂದಕ್ಕೆ ಆರು ತಿಂಗಳೂ ಸಾಲದಿರಬಹುದು. ನಡುವೆ ಒಂದು ದಿನ ಎಲ್ಲ ಮರೆತಂತೆ ಮತ್ತೆ ಬೆದರುತ್ತದೆ. ಆಗ ಒಂದೆರಡು ಮೆಟ್ಟಿಲು ಕೆಳಗಿಳಿದು ಬಟ್ಟೆಯಿಂದ ಮತ್ತೆ ಶುರುಮಾಡಿ. ಎರಡನೆಯ ಸಲ ಮೆಟ್ಟಿಲು ಬೇಗ ಹತ್ತುತ್ತದೆ. ಕೆಲವು ಕುದುರೆಗಳ ಬೆನ್ನು ಮಾತ್ರ ಎಂದಿಗೂ ಭಾರಕ್ಕೆ ಸರಿಹೋಗುವುದಿಲ್ಲ. ವೈದ್ಯರು ಹಾಗೆ ಹೇಳಿದರೆ ಅದನ್ನು ಜೀನಿಲ್ಲದೆಯೇ ಸಾಕಬೇಕು.

ಮುಂದಿನ ಭಾನುವಾರ ಸವಾರಿ ಕಲಿಯಲು ಹೋದಾಗ ಹತ್ತು ನಿಮಿಷ ಮೊದಲೇ ಹೋಗಿ. ನೀವು ಹತ್ತಬೇಕಾದ ಕುದುರೆಗೆ ಜೀನು ಹಾಕುವುದನ್ನು ನಿಂತು ನೋಡಿ. ಪಟ್ಟಿ ಬಿಗಿಯುವಾಗ ಕಿವಿ ಎತ್ತ ತಿರುಗುತ್ತದೆ, ಬಾಲ ಏನು ಮಾಡುತ್ತದೆ, ಗಮನಿಸಿ. ಸರಿಯಿಲ್ಲ ಅನ್ನಿಸಿದರೆ, ‘ಇದರ ಬೆನ್ನನ್ನು ಡಾಕ್ಟರು ಯಾವಾಗ ನೋಡಿದ್ದು?’ ಅಂತ ಕೇಳಿ. ದುಡ್ಡು ಕೊಟ್ಟು ಬಂದವರ ಪ್ರಶ್ನೆಗೆ ಬೆಲೆಯಿರುತ್ತದೆ. ಬಾಯಿಲ್ಲದ ಪ್ರಾಣಿಯ ಪರವಾಗಿ ಅದನ್ನು ಕೇಳಲು ಕುದುರೆ ಸವಾರಿ ಪೂರ್ತಿ ಕಲಿತಿರಬೇಕಾಗಿಯೂ ಇಲ್ಲ.