ಬೆಕ್ಕಿನ ಕಾಲಿನ ಸಂಕೀರ್ಣ ಗಾಯ: ಪ್ರಥಮ ಉಪಚಾರ ಮತ್ತು ಚಿಕಿತ್ಸಾ ಕ್ರಮ

ಮನೆಯ ದವಸಧಾನ್ಯವನ್ನು ಇಲಿಗಳಿಂದ ಕಾಯುವ ಬೆಕ್ಕು ವಾಹನದ ಚಕ್ರಕ್ಕೆ ಅಥವಾ ತಂತಿಯ ಉರುಳಿಗೆ ಸಿಲುಕಿದಾಗ ಕಾಲಿನ ಚರ್ಮ ಸುಲಿದು, ಸ್ನಾಯು ಹಾಗೂ ಮೂಳೆ ಹೊರಗೆ ಕಾಣುವುದುಂಟು. ಇದು ಸಂಕೀರ್ಣ ಗಾಯ. ಕಾಲಿನ ಕೆಳಭಾಗದಲ್ಲಿ ಸಡಿಲ ಚರ್ಮ ಕಡಿಮೆ. ಗಾಯದೊಳಗೆ ಮಣ್ಣು ಮತ್ತು ಸೋಂಕು ಸೇರಿರುತ್ತದೆ. ಆದುದರಿಂದ ಇದನ್ನು ಕೂಡಲೇ ಹೊಲಿದು ಮುಚ್ಚುವುದು ಸಾಮಾನ್ಯವಾಗಿ ಸಾಧ್ಯವಾಗುವುದಿಲ್ಲ.

ಪ್ರಥಮ ಉಪಚಾರ: ನೋವಿನಲ್ಲಿರುವ ಬೆಕ್ಕು ಸಾಕಿದವರನ್ನೂ ಕಚ್ಚಬಹುದು. ಅದನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ, ಗಾಳಿಯಾಡುವ ಪೆಟ್ಟಿಗೆಯಲ್ಲಿ ಇರಿಸಬೇಕು. ರಕ್ತ ಸೋರುತ್ತಿದ್ದರೆ ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿಯಬೇಕು. ಸೀಮೆಎಣ್ಣೆ, ಟರ್ಪೆಂಟೈನ್, ಫಿನಾಯಿಲ್‌ಗಳನ್ನು ಹಚ್ಚಬಾರದು. ಬೆಕ್ಕು ಗಾಯವನ್ನು ನೆಕ್ಕುವುದರಿಂದ ಇವು ವಿಷವಾಗುತ್ತವೆ. ಮನುಷ್ಯರ ಪ್ಯಾರಾಸಿಟಮಾಲ್ ಒಂದೇ ಮಾತ್ರೆಯೂ ಬೆಕ್ಕಿನ ಪ್ರಾಣ ತೆಗೆಯಬಲ್ಲದು.

ಚಿಕಿತ್ಸೆ: ಪಶುವೈದ್ಯರು ಮೊದಲು ಉಸಿರಾಟ ಹಾಗೂ ಒಳಪೆಟ್ಟುಗಳನ್ನು ಪರೀಕ್ಷಿಸುತ್ತಾರೆ. ಬಳಿಕ ನೋವು ಶಮನಗೊಳಿಸಿ, ಅರಿವಳಿಕೆ ನೀಡಿ, ಲವಣ ದ್ರಾವಣದಿಂದ ಗಾಯವನ್ನು ತೊಳೆದು, ಸತ್ತ ಅಂಗಾಂಶವನ್ನು ತೆಗೆದು ಪಟ್ಟಿ ಕಟ್ಟುತ್ತಾರೆ. ಆರಂಭದಲ್ಲಿ ಪಟ್ಟಿಯನ್ನು ಪ್ರತಿದಿನ ಬದಲಿಸಬೇಕಾಗಬಹುದು. ಕೆಂಪಾದ ಹೊಸ ಮಾಂಸ ತುಂಬಿದ ಮೇಲೆ ಸಣ್ಣ ಗಾಯ ತಾನಾಗಿ ಮುಚ್ಚುತ್ತದೆ. ದೊಡ್ಡದಕ್ಕೆ ಚರ್ಮ ಕಸಿ ಬೇಕಾಗಬಹುದು. ಗುಣವಾಗಲು ಹಲವು ವಾರಗಳು ಹಿಡಿಯುತ್ತವೆ. ಪಟ್ಟಿ ಒದ್ದೆಯಾದರೆ, ದುರ್ವಾಸನೆ ಬಂದರೆ ಅಥವಾ ಬೆರಳುಗಳು ಊದಿದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ರಕ್ತಸಂಚಾರ ನಿಂತ ಕಾಲನ್ನು ತೆಗೆಯುವುದು ಅನಿವಾರ್ಯವಾಗಬಹುದು. ಆದರೂ ಹೆಚ್ಚಿನ ಬೆಕ್ಕುಗಳು ಮೂರು ಕಾಲುಗಳಲ್ಲಿ ಓಡಾಡಿ ನೆಮ್ಮದಿಯಿಂದ ಬದುಕುತ್ತವೆ. ಗಾಯದ ಭೀಕರತೆಯನ್ನು ಕಂಡ ಮಾತ್ರಕ್ಕೆ ಅದು ಬದುಕದೆಂದು ಬೀದಿಗೆ ಬಿಡುವುದು ಸರಿಯಲ್ಲ. ಸಾಕುಪ್ರಾಣಿಯನ್ನು ನೋವಿನಲ್ಲಿ ತೊರೆಯುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಡಿ ಅಪರಾಧವೂ ಆಗಿದೆ.

ಸಾರ್ವಜನಿಕರ ಸುರಕ್ಷತೆ: ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಆ ಜಾಗವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೆರಳಿ ರೇಬಿಸ್ ಲಸಿಕೆಯ ಬಗ್ಗೆ ಸಲಹೆ ಪಡೆಯಬೇಕು.

ಸಮೀಪದ ಪಶು ಚಿಕಿತ್ಸಾಲಯದ ವಿಳಾಸವನ್ನೂ 1962 ಪಶು ಸಹಾಯವಾಣಿ ಸಂಖ್ಯೆಯನ್ನೂ ಪಂಚಾಯಿತಿಯ ಸೂಚನಾ ಫಲಕದಲ್ಲಿ ಪ್ರಕಟಿಸುವುದು, ಗ್ರಾಮಸಭೆಯಲ್ಲಿ ಈ ಅಂಶಗಳನ್ನು ಓದಿ ತಿಳಿಸುವುದು ಸದಸ್ಯರಿಂದ ಆಗಬೇಕಾದ ಕಾರ್ಯವಾಗಿದೆ.