ಹಗೇವಿನ ಹೊಟ್ಟೆ, ಕಬ್ಬಿಣದ ಕಾಳು

ನಮ್ಮ ಜತ್ತ ತಾಲೂಕಿನಲ್ಲಿ ಹಳೇ ವಾಡೆ ಕೆಡವಿದರೆ ಅಂಗಳದಡಿ ಹಗೇವು ಸಿಗುವುದುಂಟು. ಮರಾಠಿಯವರು ಪೇವ ಅಂತಾರೆ, ನಮ್ಮ ಮನೆಯ ತೆಲುಗಿನಲ್ಲಿ ಪಾತರ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಜೋಳ ತುಂಬಿಡುವ ಜಾಗ ಎಂದು ಯಾರೂ ಹೇಳಬೇಕಿಲ್ಲ, ಆಕಾರವೇ ಹೇಳುತ್ತದೆ.

ಹಾಗೆಂದು ನಂಬಿ ನಾನೊಮ್ಮೆ ಕೆಟ್ಟೆ. ಹೊಸದಾಗಿ ಕೊಂಡ ಹೊಲದಾಗ ಅಂಥದೇ ತಗ್ಗು ಸಿಕ್ಕಿತು. ಎರಡು ಚೀಲ ಜೋಳ ಸುರಿದು ಬಾಯಿ ಮುಚ್ಚಿದೆ. ಮಳೆಗಾಲ ಮುಗಿದು ತೆಗೆದರೆ ಎಲ್ಲ ಕೊಳೆತು ನಾರುತ್ತಿತ್ತು. ಅದು ಬಸಿ ನೀರು ಬರುವ ತಗ್ಗು ಅಂತ ಹಿರಿಯರೊಬ್ಬರು ಆಮೇಲೆ ನಕ್ಕರು. ಮೊದಲು ಒಂದು ಬುಟ್ಟಿ ಹಾಕಿ ನೋಡಬೇಕಿತ್ತು.

ಬೆಂಗಳೂರಲ್ಲಿ ಓದುವ ತಮ್ಮನ ಮಗಳಿಗೆ ಇದನ್ನು ಹೇಳಿದೆ. "ದೊಡ್ಡಪ್ಪಾ, ವಿಜ್ಞಾನಿಗಳೂ ಆಕಾರ ನೋಡೇ ಕೆಲಸ ಊಹಿಸ್ತಾರ. ಆದರ ಬುಟ್ಟಿ ಹಾಕಿ ನೋಡೂದು ಮರೆಯಂಗಿಲ್ಲ" ಅಂದಳು. ಅವಳು ಬಿಡಿಸಿ ಹೇಳಿದ್ದು ಇಷ್ಟು.

ನಮ್ಮ ಕರುಳಿನಲ್ಲಿರುವ ಇ-ಕೊಲೈ ಎಂಬ ಬ್ಯಾಕ್ಟೀರಿಯಾಕ್ಕೂ ಬರಗಾಲ ಬರುತ್ತದೆ. ಉಣ್ಣಲು ಸಿಗದಾಗ ಅದು ಡಿಪಿಎಸ್ ಎಂಬ ಪ್ರೋಟೀನನ್ನು ರಾಶಿಗಟ್ಟಲೆ ಮಾಡಿಕೊಳ್ಳುತ್ತದೆ. ಇದು ಡಿಎನ್‌ಎಗೆ ಅಂಟಿ ಅದನ್ನು ಕಾಯುತ್ತದೆ ಎಂದು 1992ರಲ್ಲಿ ತಿಳಿಯಿತು. ಹೆಸರೂ ಅದೇ ಗುಣದಿಂದ ಬಂತು. 1998ರಲ್ಲಿ ಅದರ ಹರಳಿನ ರಚನೆ ಸಿಕ್ಕಿತು. ಪ್ರೋಟೀನನ್ನು ಕಲ್ಲುಸಕ್ಕರೆಯ ಹಾಗೆ ಹರಳುಗಟ್ಟಿಸಿ, ಅದರ ಮೇಲೆ ಎಕ್ಸ್‌-ರೇ ಬಿಟ್ಟು, ಚೆದುರಿ ಬೀಳುವ ಚುಕ್ಕೆಗಳನ್ನು ಲೆಕ್ಕ ಹಾಕಿ ಪರಮಾಣುಗಳ ಜಾಗ ಹಿಡಿಯುವ ಕೆಲಸವದು. ಕಂಡದ್ದು 12 ತುಣುಕು ಕೂಡಿದ ಟೊಳ್ಳು ಗುಂಡು, ಅಗಲ ಮಿಲಿಮೀಟರಿನ ಲಕ್ಷದ ಒಂದು ಪಾಲಿನಷ್ಟು. ನಮ್ಮ ಮೈಯಲ್ಲಿ ಕಬ್ಬಿಣ ಕೂಡಿಡುವ ಫೆರಿಟಿನ್‌ ಕೂಡ ಇಂಥದೇ ಗುಂಡು, ಅದರಲ್ಲಿ 24 ತುಣುಕು. ಹಂಗಾದರೆ ಇದೂ ಕಬ್ಬಿಣದ ಹಗೇವೇ ಇರಬೇಕು ಎಂಬ ಗುಮಾನಿ ಹುಟ್ಟಿತು.

ಆಮೇಲೆ ಬುಟ್ಟಿ ಹಾಕಿ ನೋಡಿದರು. 2002ರ ಪ್ರಯೋಗದಲ್ಲಿ ಒಂದೊಂದು ಗುಂಡಿನೊಳಗೆ ಸುಮಾರು 500 ಕಬ್ಬಿಣದ ಪರಮಾಣು ಹಿಡಿದವು. ಬಿಡಿ ಕಬ್ಬಿಣಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಕೂಡಿದರೆ ಡಿಎನ್‌ಎ ಕಡಿಯುವ ವಿಷ ಹುಟ್ಟುತ್ತದೆ. ಈ ಪ್ರೋಟೀನು ಪೆರಾಕ್ಸೈಡನ್ನು ಕಬ್ಬಿಣದ ಮೇಲೇ ಖರ್ಚು ಮಾಡಿಸಿ, ಕಬ್ಬಿಣವನ್ನು ತುಕ್ಕಿನಂತೆ ಮಾಡಿ ಒಳಗಿಡುತ್ತದೆ. ಕಣಜವೂ ಅದೇ, ಕಾವಲೂ ಅದೇ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್, ದೀಪಂಕರ್ ಚಟರ್ಜಿ ಅವರ ತಂಡ 2004ರಲ್ಲಿ ಮೈಕೋಬ್ಯಾಕ್ಟೀರಿಯಂ ಸ್ಮೆಗ್ಮಾಟಿಸ್ ಎಂಬುದರ ಡಿಪಿಎಸ್ ರಚನೆ ಪ್ರಕಟಿಸಿತು. ಅದು ಮಣ್ಣಿನಲ್ಲಿರುವ, ಕ್ಷಯದ ರೋಗಾಣುವಿನ ಬಳಗದ ಜೀವಿ. ಅದೇ 12 ತುಣುಕು, ಅದೇ ಹೊಟ್ಟೆ. ಆದರೆ ಡಿಎನ್‌ಎ ಹಿಡಿಯುವ ಬಾಲ ಇ-ಕೊಲೈಯದರಲ್ಲಿ ಮುಂದಿನ ತುದಿಗಿದ್ದರೆ ಇದರಲ್ಲಿ ಹಿಂದಿನ ತುದಿಗೆ. ಲಿಸ್ಟೀರಿಯಾದ ಇಂಥದೇ ಗುಂಡಿಗೆ ಆ ಬಾಲವೇ ಇಲ್ಲ. ಅದು ಡಿಎನ್‌ಎ ಹಿಡಿಯುವುದಿಲ್ಲ, ಕಬ್ಬಿಣ ಮಾತ್ರ ಕೂಡಿಡುತ್ತದೆ. ಬರೇ ಹೊಟ್ಟೆ ನೋಡಿ ತೀರ್ಪು ಕೊಟ್ಟಿದ್ದರೆ ನನ್ನ ಜೋಳದ ಗತಿಯೇ ಆಗುತ್ತಿತ್ತು.

ಆ ತಗ್ಗನ್ನು ನಾನು ಮುಚ್ಚಲಿಲ್ಲ, ಇನ್ನಷ್ಟು ಅಗೆಸಿದೆ. ಯುಗಾದಿ ತನಕ ಎರಡು ಎಮ್ಮೆಗೆ ಕುಡಿಯಲು ನೀರು ಸಾಲುತ್ತದೆ.