ಹಕ್ಕಿಗೆ ಮಿಕ್ಸ್ಚರ್ ಎಸೆಯಬೇಡಿ

ಚಳಿಗಾಲದಲ್ಲಿ ಲಡಾಖ್, ಟಿಬೆಟ್ ಕಡೆಯ ಕಂದುತಲೆ ಕಡಲಹಕ್ಕಿಗಳು ನಮ್ಮ ಕರಾವಳಿಗೆ ಬರುತ್ತವೆ. ಹಾರುತ್ತಾ ತಿನ್ನುವ ಫೋಟೊ ಬೇಕೆಂದು ಕಳೆದ ವರ್ಷ ಬೆಂಗ್ರೆಯ ಅಳಿವೆಯಲ್ಲಿ ನಾವೂ ದೋಣಿಯಿಂದ ಮಿಕ್ಸ್ಚರ್ ಎಸೆದೆವು. ಫೋಟೊ ಏನೋ ಸಿಕ್ಕಿತು. ಆದರೆ ಕೊಕ್ಕಿನಲ್ಲಿದ್ದದ್ದು ಮೀನಲ್ಲ, ಉಪ್ಪುಖಾರದ ಕಡ್ಡಿ! "ಅದರ ಅನ್ನ ನೀರಲ್ಲೇ ಉಂಟಲ್ಲ ಉಸ್ತಾದ್" ಎಂದರು ದೋಣಿಯ ಕಾಕ. ನಮಗೆ ನಾಚಿಕೆಯಾಯಿತು.

ಈ ಸಲ ಬರೀ ದಡದಲ್ಲಿ ಕೂತೆವು. ಬೆಳಗ್ಗೆ ಸೂರ್ಯನೂ ಗಾಳಿಯೂ ಘಟ್ಟದ ಕಡೆಯಿಂದಲೇ. ಹಕ್ಕಿ ಗಾಳಿಗೆ ಎದುರಾಗಿ ನೀರಿಗಿಳಿಯುವುದರಿಂದ ಅದರ ಮುಖ ನಮ್ಮತ್ತಲೇ ಇರುತ್ತದೆ. ಶಟರ್ ವೇಗ ಸೆಕೆಂಡಿನ 1/2000 ಇಟ್ಟರೆ ರೆಕ್ಕೆ ಮಸುಕಾಗದು. ಎರಡು ಗಂಟೆ ಕಾದದ್ದಕ್ಕೆ ಒಂದೇ ಚಿತ್ರ ಸಿಕ್ಕಿತು. ಕೊಕ್ಕಿನಲ್ಲಿ ಜೀವಂತ ಮೀನಿತ್ತು. ಮಕ್ಕಳಿಗೆ ತೋರಿಸಲು ನಮಗೆ ಅದೇ ಸಾಕು.